ತನಗೆ ತಾನೇ ಕುಕ್ಕೆ ಹಾಕಿಕೊಂಡ ಪಾರಿವಾಳ

ಎಡೆಕುಂಟೆ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಹಾಕುತ್ತೇವೆ. ಹಾಕದಿದ್ದರೆ ಸಾಲಿನ ಎರಡೂ ಕಡೆ ಬಾಯಿ ಹಾಕುತ್ತಾ ಹೋಗುತ್ತದೆ. ಇದರಲ್ಲಿ ಎತ್ತಿನ ತಪ್ಪೇನಿಲ್ಲ. ಮೂಗಿನ ಮುಂದೆ ಹಸಿರು ಇರುವಾಗ, ಸಂಜೆ ಗೋದಲಿಯಲ್ಲಿ ಸಿಗುವ ಮೇವು ಯಾರಿಗೆ ನೆನಪಾದೀತು? ಆದರೆ ಬೆಳಿಗ್ಗೆ ಎದ್ದು ತಾನಾಗಿ ಬಂದು "ನಂಗೊಂದು ಕುಕ್ಕೆ ಹಾಕಪ್ಪಾ" ಅಂತ ಮುಸುಡಿ ಒಡ್ಡಿದ ಎತ್ತನ್ನು ನಾನಂತೂ ಕಂಡಿಲ್ಲ. ಹಾಗೆ ಒಡ್ಡಿದ ಒಂದು ಹಕ್ಕಿಯ ವಿಷಯ ನನಗೆ ನನ್ನ ಮಗಳಿಂದ ಗೊತ್ತಾಯಿತು. ಅದನ್ನು ಹೇಳುವ ಮೊದಲು ನಾನು ಮಾಡಿದ ಒಂದು ದಡ್ಡತನ ಹೇಳಬೇಕು. ಅದಿಲ್ಲದಿದ್ದರೆ ಪಾರಿವಾಳದ ಕತೆ ಕಟ್ಟಿಕೊಂಡು ನನಗೇನಾಗಬೇಕಿತ್ತು?

ನಮ್ಮದು ಚಳ್ಳಕೆರೆ ಕಡೆಯ ಕೆಂಪು ನೆಲ. ಐದು ಎಕರೆ. ಮಳೆ ಬಿಟ್ಟರೆ ಬೇರೆ ನೀರಿಲ್ಲ. ಮುಂಗಾರಿಗೆ ಶೇಂಗಾ, ನಡುನಡುವೆ ತೊಗರಿ ಅಕ್ಕಡಿ. ಐದು ಎಕರೆಗೆ ಬೀಜಕ್ಕೆ ಅಂತ ಎಂಟು ಚೀಲ ಕಾಯಿ ತೆಗೆದಿಡಬೇಕು. ಶೇಂಗಾ ಬೀಜವನ್ನು ಒಡೆದು ಇಟ್ಟರೆ ಹುಟ್ಟುವ ಶಕ್ತಿ ಬೇಗ ಹೋಗುತ್ತದೆ, ಕಾಯಾಗಿಯೇ ಇಡಬೇಕು ಅನ್ನುವುದು ನಿಮಗೆ ಗೊತ್ತಿರುವುದೇ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಎಂಟು ಚೀಲ ಒಳ್ಳೆ ಕಾಯಿ ಆರಿಸಿ ಪಡಸಾಲೆಯ ಗೋಡೆಗೆ ಒಟ್ಟಿದ್ದೆ. ಸಂಕ್ರಾಂತಿ ದಾಟಿತು. ನಾಯಕನಹಟ್ಟಿ ಜಾತ್ರೆ ಹತ್ತಿರ ಬಂತು. ಜಾತ್ರೆಗೆ ನೆಂಟರು ಬರ್ತಾರೆ, ಮಕ್ಕಳಿಗೆ ಬಟ್ಟೆ ಬೇಕು, ಕೈಯಲ್ಲಿ ಕಾಸಿಲ್ಲ. ದಿನಾ ಬೆಳಿಗ್ಗೆ ಎದ್ದರೆ ಕಣ್ಣಿಗೆ ಬೀಳೋದು ಆ ಎಂಟು ಚೀಲ. ಒಬ್ಬ ವ್ಯಾಪಾರಿ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿ, ಸ್ಥಳದಲ್ಲೇ ನೋಟು ಎಣಿಸುತ್ತೇನೆ ಅಂದ. ಮೊದಲು ಎರಡು ಚೀಲ ಅಂದುಕೊಂಡೆ. ಎಂಟೂ ಹೋದವು. ಜಾತ್ರೆ ಚೆನ್ನಾಗೇ ಆಯಿತು, ಸುಳ್ಳು ಹೇಳಲಾರೆ.

ಜೂನ್ ಕೊನೆಗೆ ಹದ ಮಳೆ ಬಂತು. ಬೀಜ ಇಲ್ಲ. ಮಾರಿದ್ದಕ್ಕಿಂತ ಒಂದೂವರೆ ಪಟ್ಟು ಬೆಲೆಗೆ ಸಾಲದ ಮೇಲೆ ಬೀಜ ತಂದೆ. ಓಡಾಟದಲ್ಲಿ ಹನ್ನೆರಡು ದಿನ ಹೋಯಿತು, ಹದ ಆರಿತು. ತಂದ ಬೀಜ ಯಾವ ವರ್ಷದ್ದೋ, ಅರ್ಧಕ್ಕರ್ಧ ಹುಟ್ಟಲಿಲ್ಲ. ಆ ವರ್ಷ ನನ್ನ ಹೆಂಡತಿಯ ಕಿವಿಯ ಓಲೆ ಅಡವಿಗೆ ಹೋಯಿತು. ಅದು ಬಿಡಿಸಿಕೊಂಡು ಬರಲು ಮೂರು ವರ್ಷ ಹಿಡಿಯಿತು. ಆಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ನನಗೆ ಅರ್ಥವಾಗದೆ ಉಳಿದದ್ದು ಒಂದು. ಕಣದಲ್ಲಿ ಕಾಯಿ ಆರಿಸಿ ಇಟ್ಟವನು ನಾನೇ. ಆ ದಿನ ಯಾರಾದರೂ "ಫೆಬ್ರವರಿಯಲ್ಲಿ ಬೀಜ ಮಾರ್ತೀಯಾ?" ಅಂದಿದ್ದರೆ ಜಗಳಕ್ಕೇ ಹೋಗುತ್ತಿದ್ದೆ. ಫೆಬ್ರವರಿಯಲ್ಲಿ ಮಾರಿದವನೂ ನಾನೇ. ಇವರಿಬ್ಬರಲ್ಲಿ ನಿಜವಾದವನು ಯಾರು?

ಪಾರಿವಾಳದ ಪೆಟ್ಟಿಗೆ

ಮಗಳು ಕಾಲೇಜಿನಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡಿದ್ದಳು. ಒಂದು ಸಲ ರಜಕ್ಕೆ ಬಂದಾಗ ನನ್ನ ಬೀಜದ ಕತೆ ಎದ್ದಿತು. "ಅಪ್ಪಾ, ನೀನು ಮಾಡಿದ್ದನ್ನ ಪಾರಿವಾಳನೂ ಮಾಡ್ತದೆ. ಅದರ ಮೇಲೆ ದೊಡ್ಡ ದೊಡ್ಡ ಪ್ರಯೋಗ ನಡೆದೈತೆ" ಅಂದಳು. ಮೊದಲು ಸಿಟ್ಟು ಬಂತು, ಆಮೇಲೆ ಕೂತು ಕೇಳಿದೆ. ನಾನು ಓದಿದ್ದು ಏಳನೇ ತರಗತಿ. ಅವಳು ಓದಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆದು, ಮತ್ತೆ ಅವಳಿಗೇ ತೋರಿಸಿ ತಿದ್ದಿಸಿಕೊಂಡಿದ್ದೇನೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಟೋನಿ ಬ್ರೂಕ್ ಅಂತ ಒಂದು ವಿಶ್ವವಿದ್ಯಾಲಯ ಇದೆ. ಅಲ್ಲಿ ಪಾಠ ಮಾಡುತ್ತಿದ್ದ ಹೊವಾರ್ಡ್ ರಾಕ್ಲಿನ್, ಅವರ ಜೊತೆ ಲಿಯೊನಾರ್ಡ್ ಗ್ರೀನ್, ಇವರಿಬ್ಬರು 1972ರಲ್ಲಿ ಈ ಪ್ರಯೋಗವನ್ನು ಪ್ರಕಟಿಸಿದರು. ಒಂದು ಪೆಟ್ಟಿಗೆಯಲ್ಲಿ ಹಸಿದ ಪಾರಿವಾಳ. ಗೋಡೆಯಲ್ಲಿ ದೀಪ ಇರುವ ಎರಡು ಗುಂಡಿ. ಒಂದನ್ನು ಕುಕ್ಕಿದರೆ ತಕ್ಷಣ ಕಾಳಿನ ಬಾಗಿಲು ತೆರೆಯುತ್ತದೆ, ಆದರೆ ಬರೀ 2 ಸೆಕೆಂಡು. ಇನ್ನೊಂದನ್ನು ಕುಕ್ಕಿದರೆ 4 ಸೆಕೆಂಡು ಕಾಯಬೇಕು, ಆಮೇಲೆ ಬಾಗಿಲು 4 ಸೆಕೆಂಡು ತೆರೆದಿರುತ್ತದೆ. ಕಾದರೆ ಎರಡು ಪಟ್ಟು ಕಾಳು. ಕಾಯಬೇಕಾದದ್ದು ನಾಲ್ಕೇ ಸೆಕೆಂಡು, ನಾವು ಒಂದು ಸಲ ಕೆಮ್ಮುವಷ್ಟು ಹೊತ್ತು. ಆದರೂ ಪಾರಿವಾಳಗಳು ತಪ್ಪದೆ ಚಿಕ್ಕದನ್ನೇ ಆರಿಸಿಕೊಂಡವು. ದಿನವೂ ಅದೇ. ಪ್ರಾಣಿಗೆ ಬುದ್ಧಿ ಇಲ್ಲ ಅಂತ ಇಲ್ಲಿಗೇ ಷರಾ ಬರೆದು ಪುಸ್ತಕ ಮುಚ್ಚಬಹುದಿತ್ತು.

ಅವರು ಮುಚ್ಚಲಿಲ್ಲ. ಈ ಆಯ್ಕೆಗೂ ಮುಂಚೆ ಇನ್ನೊಂದು ಆಯ್ಕೆ ಇಟ್ಟರು. ಹೊಲಕ್ಕೆ ಹೋಗುವ ದಾರಿ ಎರಡಾಗಿ ಒಡೆದ ಹಾಗೆ ಅಂದುಕೊಳ್ಳಿ. ಒಂದು ದಾರಿಯಲ್ಲಿ ಹೋದರೆ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅವೇ ಎರಡು ಗುಂಡಿ ಎದುರಾಗುತ್ತವೆ, ಬೇಕಾದ್ದು ಕುಕ್ಕಬಹುದು. ಇನ್ನೊಂದು ದಾರಿಯಲ್ಲಿ ಹೋದರೆ ಚಿಕ್ಕ ಕಾಳಿನ ಗುಂಡಿಯೇ ಇರುವುದಿಲ್ಲ. ಕಾದು ದೊಡ್ಡದು ತಿನ್ನುವುದೊಂದೇ ಉಳಿಯುತ್ತದೆ. ಈ ಕವಲಿಗೂ ಕಾಳಿಗೂ ನಡುವಿನ ಅಂತರ ತೀರ ಕಡಿಮೆ ಇದ್ದಾಗ ಪಾರಿವಾಳ ಮೊದಲ ದಾರಿ ಹಿಡಿದು, ಚಿಕ್ಕದನ್ನೇ ಕುಕ್ಕಿತು. ಅಂತರವನ್ನು ಹೆಚ್ಚಿಸುತ್ತಾ 16 ಸೆಕೆಂಡಿನವರೆಗೆ ಒಯ್ದರು. ಅಂತರ ದೊಡ್ಡದಾದಾಗ ಅವೇ ಪಾರಿವಾಳಗಳು ಎರಡನೇ ದಾರಿ ಹಿಡಿದವು! ಅಂದರೆ ಮುಂದೆ ತಮ್ಮ ಬಾಯಿಗೆ ಬರಲಿದ್ದ ಆಸೆಯ ತುತ್ತನ್ನು ಮೊದಲೇ ತಾವೇ ಮುಚ್ಚಿಕೊಂಡವು.

ನಾನು ಕುಕ್ಕೆ ಅಂದದ್ದು ಇದಕ್ಕೇ. ಕಾಳು ಎದುರಿಗೆ ಬಂದ ಮೇಲೆ ತಡೆದುಕೊಳ್ಳುವ ಶಕ್ತಿ ಈ ಹಕ್ಕಿಗೆ ಇರಲಿಲ್ಲ. ಆ ಶಕ್ತಿ ಬಂದದ್ದೂ ಇಲ್ಲ. ಆದರೆ ಕಾಳು ದೂರ ಇದ್ದಾಗ ಸರಿಯಾದ್ದನ್ನು ಆರಿಸುವುದು ಅದಕ್ಕೆ ಆಗುತ್ತಿತ್ತು.

1974ರಲ್ಲಿ ಜಾರ್ಜ್ ಐನ್ಸ್ಲೀ ಅನ್ನುವವರು ಇದನ್ನೇ ಇನ್ನೊಂದು ರೀತಿಯಲ್ಲಿ ನೋಡಿದರು. ಆಸೆಯ ಗುಂಡಿ ಹತ್ತಿಕೊಳ್ಳುವುದಕ್ಕೆ ಮುಂಚೆ ಬೇರೆ ಬಣ್ಣದ ಗುಂಡಿ ಹತ್ತುತ್ತಿತ್ತು. ಅದನ್ನು ಕುಕ್ಕಿದರೆ ಆಸೆಯ ಗುಂಡಿ ಬರುವುದೇ ಇಲ್ಲ. ಹತ್ತು ಪಾರಿವಾಳಗಳಲ್ಲಿ ಮೂರು ಇದನ್ನು ಕಲಿತು ತಪ್ಪದೆ ಕುಕ್ಕಿದವು. ಹತ್ತಕ್ಕೆ ಮೂರು. ನಮ್ಮೂರಲ್ಲಿ ಲೆಕ್ಕ ಹಾಕಿದರೆ ಅಷ್ಟೂ ಸಿಗುತ್ತದೋ ಇಲ್ಲವೋ.

ಒಂದು ಸಣ್ಣ ಭಾಗಾಕಾರ

ಮನಸ್ಸು ಹೀಗೆ ಮಗುಚುವುದಕ್ಕೆ ಒಂದು ಲೆಕ್ಕ ಇದೆ. ಜೇಮ್ಸ್ ಮಜೂರ್ ಅನ್ನುವ ಇನ್ನೊಬ್ಬರು ಪಾರಿವಾಳಗಳ ಮೇಲೇ ಪ್ರಯೋಗ ಮಾಡಿ 1987ರಲ್ಲಿ ಕೊಟ್ಟ ಸೂತ್ರ. ಸಿಗುವ ವಸ್ತು ಎಷ್ಟೋ ಅದನ್ನು, ಕಾಯುವ ಹೊತ್ತಿಗೆ ಒಂದು ಕೂಡಿಸಿ ಭಾಗಿಸಬೇಕು. ಬರುವುದು ಮನಸ್ಸಿಗೆ ಕಾಣುವ ಬೆಲೆ. ಸರಿಯಾಗಿ ಹೇಳುವುದಾದರೆ ಕಾಯುವ ಹೊತ್ತನ್ನು ಆಯಾ ಜೀವಿಯ ಅವಸರಕ್ಕೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ನಮ್ಮ ಲೆಕ್ಕಕ್ಕೆ ಆ ಅಂಕಿ 1 ಅಂತ ಇಟ್ಟುಕೊಳ್ಳೋಣ.

ಗುಂಡಿಯ ಎದುರಿಗೇ ನಿಂತಾಗ: ಚಿಕ್ಕದಕ್ಕೆ 2 ಭಾಗಿಸು 1, ಅಂದರೆ 2. ದೊಡ್ಡದಕ್ಕೆ 4 ಭಾಗಿಸು 5, ಅಂದರೆ 0.8. ಚಿಕ್ಕದೇ ಭಾರ.

16 ಸೆಕೆಂಡು ದೂರ ನಿಂತಾಗ: ಚಿಕ್ಕದಕ್ಕೆ 2 ಭಾಗಿಸು 17, ಸುಮಾರು 0.12. ದೊಡ್ಡದಕ್ಕೆ 4 ಭಾಗಿಸು 21, ಸುಮಾರು 0.19. ಈಗ ದೊಡ್ಡದೇ ಭಾರ.

ತಕ್ಕಡಿ ಸಮವಾಗುವುದು ಎಲ್ಲಿ ಅಂತ ನಾನೇ ಕೂತು ಹುಡುಕಿದೆ. 3 ಸೆಕೆಂಡು ದೂರದಲ್ಲಿ ಎರಡೂ 0.5. ಅದಕ್ಕಿಂತ ಹತ್ತಿರ ಹೋದರೆ ಮನಸ್ಸು ಮಗುಚುತ್ತದೆ. ಸ್ಲೇಟಿನಲ್ಲಿ ಬರೆದು ನೋಡಿ. ನಮ್ಮ ಸಾಹುಕಾರರ ಬಡ್ಡಿಯ ಹಾಗೆ ತಿಂಗಳಿಗೆ ನೂರಕ್ಕೆ ಇಷ್ಟು ಅಂತ ಒಂದೇ ದರದಲ್ಲಿ ಬೆಲೆ ಇಳಿಯುತ್ತಾ ಹೋಗಿದ್ದರೆ ಈ ಮಗುಚಾಟ ಬರುತ್ತಿರಲಿಲ್ಲ. ಹತ್ತಿರದಿಂದ ಯಾವುದು ದೊಡ್ಡದಾಗಿ ಕಾಣುತ್ತದೋ ದೂರದಿಂದಲೂ ಅದೇ ಕಾಣುತ್ತಿತ್ತು. ಆದರೆ ಜೀವಿಗಳ ಮನಸ್ಸು ಆ ರೀತಿ ಲೆಕ್ಕ ಹಾಕುವುದಿಲ್ಲ, ತೀರ ಹತ್ತಿರ ಬಂದಾಗ ಒಮ್ಮೆಲೇ ಉಬ್ಬುತ್ತದೆ. ಮನುಷ್ಯರ ಮೇಲೆ ನಡೆದ ಪ್ರಯೋಗಗಳಲ್ಲಿಯೂ ಹೆಚ್ಚುಕಡಿಮೆ ಇದೇ ಆಕಾರ ಕಂಡಿದೆಯಂತೆ. ಕಾಯುವ ಕಾಲ ಮಾತ್ರ ಸೆಕೆಂಡು ಹೋಗಿ ತಿಂಗಳು, ವರ್ಷ ಆಗುತ್ತದೆ.

ಕಣದಲ್ಲಿದ್ದವನೂ ನಾನೇ, ಟೆಂಪೋ ಎದುರಿಗೆ ನಿಂತವನೂ ನಾನೇ. ಒಬ್ಬನೇ ಮನುಷ್ಯ ಎರಡು ದೂರದಲ್ಲಿ ನಿಂತಿದ್ದ, ಅಷ್ಟೇ. ಇದು ತಿಳಿದ ದಿನ ನನಗೆ ಎದೆ ಸ್ವಲ್ಪ ಹಗುರವಾಯಿತು.

ಕಣ್ಣಿಗೆ ಕಾಣದ ಕಾಳು

ಇನ್ನೂ ಕೆಲವು ಪ್ರಯೋಗ ಮಗಳು ಹೇಳಿದಳು. 1981ರಲ್ಲಿ ಗ್ರಾಶ್, ನ್ಯೂರಿಂಜರ್ ಅನ್ನುವ ಇಬ್ಬರು, ಪಾರಿವಾಳ ಕಾಯುವಾಗ ಕಾಳು ಕಣ್ಣಿಗೆ ಕಾಣುವಂತೆ ಇಟ್ಟರೆ ಬೇಗ ಸೋಲುತ್ತದೆ, ಮಾಡಲಿಕ್ಕೆ ಬೇರೆ ಏನಾದರೂ ಕೆಲಸ ಕೊಟ್ಟರೆ ಹೆಚ್ಚು ಹೊತ್ತು ಕಾಯುತ್ತದೆ ಅಂತ ತೋರಿಸಿದರು. ಚಿಂಪಾಂಜಿಗಳೂ ಹಾಗೆಯೇ. ಇವಾನ್ಸ್ ಮತ್ತು ಬೆರಾನ್ ಅನ್ನುವವರ 2007ರ ಪ್ರಯೋಗದಲ್ಲಿ, ಮುಟ್ಟದೆ ಇದ್ದಷ್ಟು ಹೊತ್ತೂ ಮಿಠಾಯಿ ಒಂದೊಂದಾಗಿ ಬಂದು ಕೂಡಿಕೊಳ್ಳುತ್ತಿತ್ತು. ಚಿಂಪಾಂಜಿಗಳಿಗೆ ಆಟದ ಸಾಮಾನು ಕೊಟ್ಟಾಗ ಅದರಲ್ಲಿ ಕೈಯಾಡಿಸುತ್ತಾ ಹೆಚ್ಚು ಕಾಲ ತಡೆದುಕೊಂಡವು. ಪಡಸಾಲೆಯಲ್ಲಿ ಕಣ್ಣೆದುರಿಗೇ ಬೀಜ ಒಟ್ಟಿದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ನಮ್ಮಜ್ಜ ಬೀಜದ ಜೋಳವನ್ನು ಹಗೇವಿನಲ್ಲಿ ಹಾಕಿ ಮೇಲೆ ಮಣ್ಣು ಮುಚ್ಚುತ್ತಿದ್ದದ್ದು ಹುಳ ಬೀಳಬಾರದು ಅಂತ ತಿಳಿದಿದ್ದೆ. ಹುಳ ಒಂದೇ ಕಾರಣವಲ್ಲವೇನೋ ಅಂತ ಈಗ ಅನ್ನಿಸುತ್ತದೆ.

ಇಲಿಗಳ ಮೇಲಿನ ಪ್ರಯೋಗ ನನ್ನ ಹೆಂಡತಿ ಕಿವಿಗೊಟ್ಟು ಕೇಳಿದ್ದು. ಆಕೆಯ ತಮ್ಮ ಕುಡಿತಕ್ಕೆ ಬಿದ್ದವನು. ಪೌಲೋಸ್ ಎಂಬವರೂ ಅವರ ಜೊತೆಗಾರರೂ 1995ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಕಾಯಲಾರದ ಇಲಿಗಳನ್ನೂ ಕಾಯಬಲ್ಲ ಇಲಿಗಳನ್ನೂ ಮೊದಲೇ ಬೇರೆ ಮಾಡಿಟ್ಟು, ಆಮೇಲೆ ಮದ್ಯ ಇಟ್ಟರು. ಕಾಯಲಾರದವು ಹೆಚ್ಚು ಕುಡಿದವು. 2001ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇಲಿಯ ಮಿದುಳಿನ ಒಳಗೆ ಒಂದು ಸಣ್ಣ ಜಾಗಕ್ಕೆ ಪೆಟ್ಟು ಮಾಡಿದಾಗ, ಅವು ಕಾದು ದೊಡ್ಡದು ಪಡೆಯುವುದನ್ನು ಬಿಟ್ಟು ತಕ್ಷಣದ ಚಿಕ್ಕದಕ್ಕೆ ಇಳಿದವು. ಅಂದರೆ ತಾಳ್ಮೆ ಬರೀ ಗುಣದ ಮಾತಲ್ಲ, ಅದಕ್ಕೆ ಮೈಯಲ್ಲಿ ಒಂದು ಜಾಗ ಇದೆ. ಮನುಷ್ಯರ ಮಿದುಳನ್ನು ಹಾಗೆ ಕೆಡಿಸಿ ನೋಡುವಂತಿಲ್ಲ, ಮಕ್ಕಳನ್ನು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಪ್ರಾಣಿಗಳನ್ನು ಹಿಡಿದದ್ದು ಅದಕ್ಕೆ. "ಪಾಪ, ಅವು ಏನು ಮಾಡಿದ್ವು" ಅಂದಳು ನನ್ನ ಹೆಂಡತಿ. ಅದಕ್ಕೆ ಉತ್ತರ ನಮ್ಮಿಬ್ಬರ ಹತ್ತಿರವೂ ಇರಲಿಲ್ಲ. ತಮ್ಮನನ್ನು ಮಾತ್ರ ಅವತ್ತಿನಿಂದ ಬೈಯುವುದು ಸ್ವಲ್ಪ ಕಡಿಮೆ ಮಾಡಿದ್ದಾಳೆ.

ಅವಸರ ಯಾವಾಗಲೂ ತಪ್ಪೇ?

ಇಲ್ಲಿ ನನ್ನದೊಂದು ತಕರಾರು ಇದೆ. ಇಂಥ ಪ್ರಯೋಗಗಳಲ್ಲಿ ಪಾರಿವಾಳವನ್ನು ಸಾಮಾನ್ಯವಾಗಿ ಹೊಟ್ಟೆತುಂಬ ತಿನ್ನುವಾಗಿನ ತೂಕದ ನೂರಕ್ಕೆ 80 ಭಾಗಕ್ಕೆ ಇಳಿಸಿ ಇಟ್ಟಿರುತ್ತಾರೆ. ಹಸಿದವನಿಗೆ ತಾಳ್ಮೆ ಇಲ್ಲ ಅಂತ ಹೇಳಲು ಅಮೆರಿಕಕ್ಕೆ ಹೋಗಬೇಕೆ? ಮಗಳಿಗೆ ಹೀಗೆ ಕೇಳಿದಾಗ ಅವಳು ಎರಡು ಜಾತಿಯ ಪುಟ್ಟ ಕೋತಿಗಳ ವಿಷಯ ತೆಗೆದಳು. ದಕ್ಷಿಣ ಅಮೆರಿಕದ ಮಾರ್ಮೊಸೆಟ್ ಮತ್ತು ಟ್ಯಾಮರಿನ್. ಗಾತ್ರ, ಸಂಸಾರ, ಮಿದುಳು ಎಲ್ಲ ಹೆಚ್ಚುಕಡಿಮೆ ಒಂದೇ. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈಗಲೇ ಎರಡು ತುಣುಕು, ಕಾದರೆ ಆರು ಅಂತ ಇಟ್ಟಾಗ ಟ್ಯಾಮರಿನ್ ಸರಾಸರಿ 8 ಸೆಕೆಂಡು ಕಾದರೆ, ಮಾರ್ಮೊಸೆಟ್ 14 ಸೆಕೆಂಡು ಕಾಯಿತು. ಕಾರಣ ಅವುಗಳ ಹೊಟ್ಟೆಪಾಡಿನಲ್ಲಿ ಇರಬೇಕು ಅಂತಾರೆ. ಮಾರ್ಮೊಸೆಟ್ ಮರದ ತೊಗಟೆ ಗೀರಿ, ಗೋಂದು ಒಸರುವವರೆಗೆ ಕಾದು ತಿನ್ನುವ ಜಾತಿ. ಟ್ಯಾಮರಿನ್ ಹುಳಹುಪ್ಪಟೆ ಹಿಡಿಯುವುದು. ಹಾರುವ ಹುಳದ ಮುಂದೆ ಕಾಯುತ್ತಾ ಕೂತರೆ ಹುಳ ಇರುತ್ತದೆಯೇ? ಅದರ ಪಾಲಿಗೆ ಅವಸರವೇ ಜಾಣತನ.

ತೆಂಗು ಅಡಿಕೆ ನೆಟ್ಟು ಏಳೆಂಟು ವರ್ಷ ಕಾಯುವ ನೀರಾವರಿಯವರು ನಮ್ಮನ್ನು ನೋಡಿ "ಬಯಲುಸೀಮೆಯವರಿಗೆ ನಾಳೆಯ ಯೋಚನೆ ಇಲ್ಲ" ಅನ್ನುವುದುಂಟು. ನಮ್ಮ ನಾಳೆ ಮೋಡದಲ್ಲಿ ಇರುತ್ತದೆ ಸ್ವಾಮಿ. ಬಂದರೆ ಬಂತು.

ಮಕ್ಕಳ ಮೇಲೆ ನಡೆದ ಒಂದು ಪ್ರಯೋಗವೂ ಇದನ್ನೇ ಹೇಳುತ್ತದೆ. ಒಂದು ಮಿಠಾಯಿ ಎದುರಿಗಿಟ್ಟು, ಹದಿನೈದು ನಿಮಿಷ ತಿನ್ನದೆ ಕಾದರೆ ಎರಡು ಕೊಡುತ್ತೇನೆ ಅನ್ನುವ ಆಟ. 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು ಅರ್ಧ ಮಕ್ಕಳಿಗೆ ಮೊದಲೇ ಎರಡು ಸಲ ಕೊಟ್ಟ ಮಾತು ತಪ್ಪಿದರು. ಒಳ್ಳೆ ಬಣ್ಣದ ಪೆಟ್ಟಿಗೆ ತರ್ತೀನಿ ಅಂತ ಹೋಗಿ ಬರಿಗೈಯಲ್ಲಿ ಬಂದರು. ಆ ಮಕ್ಕಳು ಮಿಠಾಯಿಗೆ ಸರಾಸರಿ ಮೂರೇ ನಿಮಿಷ ಕಾದರು. ಮಾತು ಉಳಿಸಿಕೊಂಡವರ ಕೈಯ ಮಕ್ಕಳು ಹನ್ನೆರಡು ನಿಮಿಷ. ಬೆಳೆ ಕೊಟ್ಟು ಹಣಕ್ಕೆ ತಿಂಗಳುಗಟ್ಟಲೆ ಅಲೆದವನು ಮುಂದಿನ ಸಲ ಕಡಿಮೆ ಬೆಲೆಗಾದರೂ ಕೈಯಲ್ಲಿ ಕಾಸು ಇಡುವವನಿಗೇ ಕೊಡುತ್ತಾನೆ. ಅವನಿಗೆ ತಾಳ್ಮೆಯ ಪಾಠ ಹೇಳಿ ಏನು ಪ್ರಯೋಜನ?

ಅದೇ ವರ್ಷ ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ, ಕಟಾವಿನ ನಂತರ ಪರೀಕ್ಷಿಸಿದ ವರದಿಯೂ ಬಂತು. ಕೈ ಬರಿದಾಗಿದ್ದ ಮುಂಚಿನ ದಿನಗಳಲ್ಲಿ ಅದೇ ರೈತರು ಯೋಚನೆಯ ಲೆಕ್ಕಗಳಲ್ಲಿ ಹಿಂದೆ ಬಿದ್ದರು, ಹಣ ಬಂದ ಮೇಲೆ ಚುರುಕಾದರು. ನಮ್ಮ ಒಳ್ಳೆಯ ಬುದ್ಧಿ ಇರುವುದು ಸುಗ್ಗಿಯಲ್ಲಿ. ಹಾಗಾದರೆ ಮುಖ್ಯವಾದ ತೀರ್ಮಾನಗಳನ್ನೂ ಆಗಲೇ ಮಾಡಬೇಕಲ್ಲವೇ?

ಇದನ್ನು ಹೊಲದ ಕೆಲಸಕ್ಕೇ ತಂದವರು ಇದ್ದಾರೆ. ಆಫ್ರಿಕಾದ ಪಶ್ಚಿಮ ಕೀನ್ಯಾದಲ್ಲಿ ಮೆಕ್ಕೆಜೋಳದ ಸಣ್ಣ ರೈತರು ಗೊಬ್ಬರ ಹಾಕಬೇಕು ಅನ್ನುತ್ತಿದ್ದರು, ಹಾಕುವ ಹೊತ್ತಿಗೆ ಕೈಯಲ್ಲಿ ಹಣ ಇರುತ್ತಿರಲಿಲ್ಲ. ಎಸ್ತರ್ ಡುಫ್ಲೋ, ಮೈಕೆಲ್ ಕ್ರೆಮರ್, ಜೊನಾಥನ್ ರಾಬಿನ್ಸನ್ ಸುಗ್ಗಿ ಮುಗಿದ ಕೂಡಲೇ ಅವರ ಮನೆಗೆ ಜನ ಕಳಿಸಿ, ಈಗಲೇ ದುಡ್ಡು ಕಟ್ಟಿದರೆ ಗೊಬ್ಬರವನ್ನು ಮನೆಗೇ ತಂದು ಹಾಕುತ್ತೇವೆ, ಸಾಗಣೆ ಖರ್ಚಿಲ್ಲ ಅಂದರು. ಇಷ್ಟು ಸಣ್ಣ ಅನುಕೂಲಕ್ಕೇ ಗೊಬ್ಬರ ಕೊಳ್ಳುವವರು ಚೆನ್ನಾಗಿ ಹೆಚ್ಚಿದರು. 2011ರಲ್ಲಿ ಅದರ ವರದಿ ಬಂತು. ಇವರಲ್ಲಿ ಮೊದಲ ಇಬ್ಬರಿಗೆ, ನಮ್ಮವರಾದ ಅಭಿಜಿತ್ ಬ್ಯಾನರ್ಜಿಯವರ ಜೊತೆ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಪಾರಿವಾಳದ ಎರಡನೇ ದಾರಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ನನಗೆ ಕಾಣಲಿಲ್ಲ.

ತಂಗಿಯ ಮನೆಯ ಅಟ್ಟ

ನಾನು ಮಾಡಿದ್ದು ಇಷ್ಟು. ಕಾಯಿ ಬಿಡಿಸಿ ಒಣಗಿಸಿದ ದಿನವೇ, ಮಂಡಿಗೆ ಒಂದು ಚೀಲ ಕಟ್ಟುವ ಮುಂಚೆ, ಬೀಜದ ಎಂಟು ಚೀಲ ಮೊದಲು ಹೊಲಿಯುತ್ತೇನೆ. ಆವತ್ತೇ ಗಾಡಿಯಲ್ಲಿ ಹೇರಿ ಹನ್ನೊಂದು ಕಿಲೋಮೀಟರ್ ದೂರದ ನನ್ನ ತಂಗಿಯ ಮನೆಗೆ ಒಯ್ದು ಅಟ್ಟದ ಮೇಲೆ ಇಡುತ್ತೇನೆ. ರೋಹಿಣಿ ಮಳೆ ಹುಟ್ಟುವವರೆಗೆ ಕೊಡಬಾರದು ಅಂತ ಮಾತು.

ಮೊದಲ ವರ್ಷವೇ ಪರೀಕ್ಷೆ ಬಂತು. ಜಾತ್ರೆಗೆ ಎಂಟು ದಿನ ಇದ್ದಾಗ ಬಸ್ಸು ಹತ್ತಿ ಹೋದೆ. "ಎರಡೇ ಚೀಲ ಕೊಡವ್ವ" ಅಂದೆ. ಅವಳು "ಅಣ್ಣಾ, ನೀನೇ ಕೊಡಬ್ಯಾಡ ಅಂದಿದ್ದೆಲ್ಲಾ. ಉಂಡು ಹೋಗು" ಅಂದಳು. ಸಿಟ್ಟಿನಲ್ಲಿ ಉಣ್ಣದೆ ಎದ್ದು ಬಂದೆ. ಆ ಜಾತ್ರೆಗೆ ನಮ್ಮ ಮನೆಯಲ್ಲಿ ಹೊಸ ಬಟ್ಟೆ ಇರಲಿಲ್ಲ. ಮಕ್ಕಳು ಎರಡು ದಿನ ಮಾತಾಡಲಿಲ್ಲ. ಜೂನ್‌ನಲ್ಲಿ ಮಳೆ ಬಿದ್ದ ಮೂರನೇ ದಿನ ನನ್ನ ಕೂರಿಗೆ ಹೊಲದಲ್ಲಿತ್ತು.

ಆದರೆ ಇನ್ನೊಂದು ವರ್ಷ ಜನವರಿಯಲ್ಲಿ ಮಗನಿಗೆ ಹೊಟ್ಟೆನೋವು ಬಂದು ರಾತ್ರೋರಾತ್ರಿ ಆಪರೇಷನ್ ಆಗಬೇಕಾಯಿತು. ಆವತ್ತು ತಂಗಿಗೆ ಫೋನು ಮಾಡಿದಾಗ ಅವಳು ಒಂದು ಮಾತೂ ಕೇಳಲಿಲ್ಲ. ಬೆಳಗಾಗುವುದರೊಳಗೆ ತಾನೇ ಚೀಲ ಮಾರಿಸಿ ಹಣ ಹಿಡಿದು ಆಸ್ಪತ್ರೆಗೆ ಬಂದಳು. ಪಾರಿವಾಳದ ಪೆಟ್ಟಿಗೆಯಲ್ಲಿ ಈ ಅನುಕೂಲ ಇಲ್ಲ, ಅಲ್ಲಿ ಮುಚ್ಚಿದ ಬಾಗಿಲು ಮುಚ್ಚಿದ್ದೇ. ಬೀಗಕ್ಕೆ ಒಂದು ಕೀಲಿ ಇರಬೇಕು. ಅದು ನಮ್ಮ ಕೈಯಲ್ಲಿ ಇರಬಾರದು, ಜಾತ್ರೆ ಯಾವುದು ಆಸ್ಪತ್ರೆ ಯಾವುದು ಅಂತ ಗೊತ್ತಿರುವವರ ಕೈಯಲ್ಲಿ ಇರಬೇಕು. ಇಂಥವರು ಎಲ್ಲರಿಗೂ ಇರುತ್ತಾರೆ ಅಂತ ನಾನು ಹೇಳಲಾರೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬೀಜವನ್ನು ಒಟ್ಟಿಗೆ ಕೂಡಿಟ್ಟುಕೊಂಡರೆ ಆಗಬಹುದೇನೋ. ನಮ್ಮೂರಲ್ಲಿ ಮಾತು ಶುರುವಾಗಿದೆ, ಕೆಲಸ ಶುರುವಾಗಿಲ್ಲ.

ಈ ಸಲವೂ ಎಂಟು ಚೀಲ ಅಟ್ಟ ಹತ್ತಿವೆ. ತಂಗಿಯ ಮನೆಯದು ಶೀಟಿನ ಮಾಡು, ಬೇಸಿಗೆಯಲ್ಲಿ ಅಟ್ಟ ಕಾದ ಹಂಚಿನ ಹಾಗಾಗುತ್ತದೆ. ಹೋದ ವರ್ಷ ಮೇಲಿನ ಸಾಲಿನ ಎರಡು ಚೀಲದಲ್ಲಿ ಮೊಳಕೆ ಸ್ವಲ್ಪ ಕಡಿಮೆ ಬಂತು. ಮಾಡಿನ ಕಾವು ಕಾಯಿಗೆ ತಟ್ಟದ ಹಾಗೆ ಯಾರಾದರೂ ಕಡಿಮೆ ಖರ್ಚಿನಲ್ಲಿ ಏನಾದರೂ ಮಾಡಿಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ.